ಪರಿಹಾರದ ಸ್ವರೂಪ ಮತ್ತು ದಾವೆಯ ಆಯ್ಕೆ: ಅಲ್ ಹೈಲ್‌ನ ಕನ್ನಡ ಕುಟುಂಬಗಳ ಮುಂದಿರುವ ಪ್ರಶ್ನೆ

ಅಲ್ ಹೈಲ್ ಮಸ್ಕತ್ ನಗರದ ಪಶ್ಚಿಮಕ್ಕೆ, ಸೀಬ್ ವಿಲಾಯತ್ತಿನ ಕಡಲಂಚಿನಲ್ಲಿರುವ ಬಡಾವಣೆ. ಉತ್ತರ ಹೈಲ್, ದಕ್ಷಿಣ ಹೈಲ್ ಎಂದು ಎರಡು ಭಾಗ. ಒಮಾನಿನಲ್ಲಿ ದುಡಿಯುವ ಭಾರತೀಯ ಕುಟುಂಬಗಳು ಬಾಡಿಗೆ ಹಿಡಿಯುವ ಇಂಥ ಬಡಾವಣೆಗಳಲ್ಲಿ ಮಂಗಳೂರು, ಉಡುಪಿ, ಕಾಸರಗೋಡು, ಬೆಂಗಳೂರಿನಿಂದ ಬಂದವರೂ ಇದ್ದಾರೆ. ಇಂಥ ಕುಟುಂಬಕ್ಕೆ ಸಾಮಾನ್ಯವಾಗಿ ಮೂರು ಬಗೆಯ ಕಂಪನಿಗಳೊಡನೆ ವ್ಯವಹಾರವಿರುತ್ತದೆ: ಒಮಾನಿನಲ್ಲಿ ಸಂಬಳ ಕೊಡುವ ಕಂಪನಿ, ಎರಡು ದೇಶಗಳ ನಡುವೆ ಹಾರುವ ವಿಮಾನ ಕಂಪನಿ, ಊರಿನಲ್ಲಿ ಫ್ಲ್ಯಾಟು ಕಟ್ಟಿಕೊಡಬೇಕಾದ ಬಿಲ್ಡರ್. ತಿಂಗಳ ಕಂತು ನುಂಗುವುದು ಮೂರನೆಯದಾದ್ದರಿಂದ ಮಾತಿಗೆ ಹೆಚ್ಚು ಬರುವುದೂ ಅದೇ.

ಕಂಪನಿಯಿಂದ ಅನ್ಯಾಯವಾದಾಗ ಒಬ್ಬನೇ ದಾವೆ ಹೂಡಬೇಕೋ, ಅದೇ ಅನ್ಯಾಯಕ್ಕೆ ಸಿಕ್ಕ ಉಳಿದವರೊಡನೆ ಸೇರಿ ಸಾಮೂಹಿಕವಾಗಿ ಹೋಗಬೇಕೋ? ಇದಕ್ಕೆ ರೂಢಿಯಲ್ಲಿರುವ ಉತ್ತರ ಮೊತ್ತವನ್ನು ನೋಡುತ್ತದೆ. ನಷ್ಟ ಚಿಕ್ಕದಾದರೆ ಗುಂಪಿನೊಡನೆ, ದೊಡ್ಡದಾದರೆ ಒಂಟಿಯಾಗಿ. ಈ ಅಳತೆ ಸಾಲದು ಎಂಬುದು ಈ ಲೇಖನದ ವಾದ. ನೋಡಬೇಕಾದದ್ದು ಕೇಳುವ ಪರಿಹಾರದ ಸ್ವರೂಪವನ್ನು. ಎಲ್ಲರ ಪರಿಹಾರವನ್ನೂ ಒಂದೇ ಸೂತ್ರದಲ್ಲಿ ಬರೆಯಲು ಸಾಧ್ಯವಿದ್ದರೆ ಗುಂಪು ಗೆಲ್ಲುತ್ತದೆ. ಪರಿಹಾರ ಹೇಳಲು ಒಬ್ಬೊಬ್ಬರ ಬದುಕಿನ ಲೆಕ್ಕವನ್ನೇ ತೆರೆಯಬೇಕಾಗಿ ಬಂದರೆ ಗುಂಪು ಒಡೆಯುತ್ತದೆ. ಇನ್ನು ಕೇಳುತ್ತಿರುವುದು ಹಂಚಲಾಗದ ಪರಿಹಾರವಾದರೆ, ಅಂದರೆ ಕಂಪನಿ ಮಾಡುತ್ತಿರುವುದನ್ನು ನಿಲ್ಲಿಸಬೇಕು ಎಂಬುದಾದರೆ, ಗುಂಪೇ ಬೇಕಿಲ್ಲ. ಕರ್ನಾಟಕ ಮತ್ತು ಕಾಸರಗೋಡಿನ ಪ್ರಕರಣಗಳ ಮೂಲಕ ಈ ಮಾತನ್ನು ಪರೀಕ್ಷಿಸಿ, ಬಳಿಕ ಅಲ್ ಹೈಲ್‌ಗೆ ಅದು ಹೇಗೆ ಅನ್ವಯಿಸುತ್ತದೆ ಎಂದು ನೋಡೋಣ.

ಭಾರತದಲ್ಲಿ ಸಾಮೂಹಿಕ ದಾವೆಯ ಬೇರು ಹಳೆಯದು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 1ನೇ ಆದೇಶದ 8ನೇ ನಿಯಮ, ಒಂದೇ ಹಿತಾಸಕ್ತಿಯ ಅನೇಕರ ಪರವಾಗಿ ಒಬ್ಬನೋ ಕೆಲವರೋ ನ್ಯಾಯಾಲಯದ ಅನುಮತಿ ಪಡೆದು ದಾವೆ ನಡೆಸಬಹುದು ಎನ್ನುತ್ತದೆ. ಎಲ್ಲರ ದಾವೆಯ ಕಾರಣವೂ ಒಂದೇ ಆಗಿರಬೇಕಿಲ್ಲ, ಹಿತಾಸಕ್ತಿ ಒಂದಾಗಿದ್ದರೆ ಸಾಕು ಎಂಬ ವಿವರಣೆ 1976ರ ತಿದ್ದುಪಡಿಯಲ್ಲಿ ಸೇರಿತು. ಮದರಾಸಿನ ಅಶೋಕನಗರದ ಹಂಚಿಕೆದಾರರು ತಮಿಳುನಾಡು ವಸತಿ ಮಂಡಳಿಯ ಹೆಚ್ಚುವರಿ ಬೇಡಿಕೆಯನ್ನು ಪ್ರಶ್ನಿಸಿದಾಗ, 1990ರಲ್ಲಿ ಸುಪ್ರೀಂ ಕೋರ್ಟು ಈ ಉದಾರ ಅರ್ಥವನ್ನೇ ಎತ್ತಿಹಿಡಿಯಿತು. ಪ್ರತಿಯೊಬ್ಬನಿಗೂ ಬೇರೆ ಬೇರೆ ನೋಟಿಸು ಬಂದಿದ್ದರೂ ಪ್ರಶ್ನೆ ಒಂದೇ, ಮಂಡಳಿಗೆ ಹೀಗೆ ಕೇಳುವ ಅಧಿಕಾರವಿದೆಯೇ ಎಂಬುದು. ಗ್ರಾಹಕ ಕಾಯ್ದೆ ಇದೇ ನಿಯಮವನ್ನು ತನ್ನೊಳಗೆ ತಂದುಕೊಂಡಿತು. 1986ರ ಕಾಯ್ದೆಯ 12(1)(ಸಿ) ಕಲಮು 2019ರ ಕಾಯ್ದೆಯಲ್ಲಿ 35(1)(ಸಿ) ಆಗಿದೆ. ಕಂಪನಿ ಕಾಯ್ದೆಯ 245ನೇ ಕಲಮು ಷೇರುದಾರರಿಗೆ, ಠೇವಣಿದಾರರಿಗೆ ಇಂಥದೇ ದಾರಿ ತೆರೆದದ್ದು 2016ರಲ್ಲಿ. ಅದಕ್ಕೂ ಮುಂಚೆ ಸತ್ಯಂ ಕಂಪನಿಯ ಲೆಕ್ಕಪತ್ರ ಹಗರಣದಲ್ಲಿ ಅಮೆರಿಕದ ಹೂಡಿಕೆದಾರರು ಅಲ್ಲಿನ ಸಾಮೂಹಿಕ ದಾವೆಯ ಮೂಲಕ ಕಂಪನಿಯಿಂದ 12.5 ಕೋಟಿ ಡಾಲರು ಪಡೆದಿದ್ದರು. ಅದೇ ಕಂಪನಿಯ ಭಾರತೀಯ ಷೇರುದಾರರಿಗೆ ಅಂಥ ಬಾಗಿಲೇ ಇರಲಿಲ್ಲ. ಕಾನೂನಿನಲ್ಲಿ ದಾರಿ ಇರುವುದೂ ಇಲ್ಲದಿರುವುದೂ ಎಷ್ಟು ದೊಡ್ಡ ವ್ಯತ್ಯಾಸ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಈಗ ಬೆಂಗಳೂರಿನ ಎರಡು ಪ್ರಕರಣಗಳಿಗೆ ಬರೋಣ. ಮೊದಲನೆಯದು ಬೇಗೂರಿನದು. ಅಲ್ಲಿನ ಡಿಎಲ್‌ಎಫ್ ವಸತಿ ಯೋಜನೆಯಲ್ಲಿ ಫ್ಲ್ಯಾಟು ಕೊಂಡಿದ್ದ 339 ಮಂದಿ, ಸ್ವಾಧೀನ ತಡವಾದದ್ದಕ್ಕೆ ಪರಿಹಾರ ಕೇಳಿದರು. ಕರಾರಿನಲ್ಲಿದ್ದದ್ದು ಚದರಡಿಗೆ ತಿಂಗಳಿಗೆ 5 ರೂಪಾಯಿ. ಅಷ್ಟಕ್ಕೇ ತೃಪ್ತರಾಗಬೇಕೆಂಬ ಅರ್ಥದಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ 2019ರಲ್ಲಿ ದೂರನ್ನು ತಳ್ಳಿಹಾಕಿತ್ತು. 2020ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟು ಅದನ್ನು ತಿರುಗಿಸಿ, ಕರಾರಿನ ಮೊತ್ತದ ಜೊತೆಗೆ ಫ್ಲ್ಯಾಟಿಗೆ ಕಟ್ಟಿದ ಹಣದ ಮೇಲೆ ವರ್ಷಕ್ಕೆ ಶೇ 6ರಂತೆ ತಡವಾದ ಅವಧಿಗೆ ಕೊಡಬೇಕೆಂದಿತು. ಎಲ್ಲರ ಫ್ಲ್ಯಾಟೂ ಒಂದೇ ಅಳತೆಯದಲ್ಲ, ಎಲ್ಲರೂ ಕಟ್ಟಿದ ಹಣವೂ ಒಂದೇ ಅಲ್ಲ. ಆದರೂ 'ಕಟ್ಟಿದ ಹಣದ ಶೇಕಡಾ ಇಷ್ಟು' ಎಂಬ ಒಂದು ವಾಕ್ಯದೊಳಗೆ 339 ಮನೆಗಳ ಲೆಕ್ಕ ಕುಳಿತಿತು. ಸೂತ್ರ ಎಂದು ನಾನು ಕರೆದದ್ದು ಇದನ್ನೇ.

ಸೂತ್ರದಿಂದ ಯಾರು ಹೊರಗೆ ಬಿದ್ದರು ಎಂಬುದೂ ಅಷ್ಟೇ ಮುಖ್ಯ. ಬಿಲ್ಡರನೊಡನೆ ಮೊದಲೇ ರಾಜಿ ಬರೆದುಕೊಂಡಿದ್ದ 11 ಮಂದಿ, ಫ್ಲ್ಯಾಟಿನ ಹಕ್ಕನ್ನು ಮಾರಿಬಿಟ್ಟಿದ್ದ 3 ಮಂದಿ ಈ ಪರಿಹಾರಕ್ಕೆ ಸಿಗಲಿಲ್ಲ. ದೂರದಲ್ಲಿರುವ ಖರೀದಿದಾರನಿಗೆ ಬಿಲ್ಡರನ ಕಡೆಯವರು ಮೊದಲು ಕಳಿಸುವುದು ರಾಜಿಪತ್ರವನ್ನೇ. 'ಬಡ್ಡಿ ಮನ್ನಾ ಮಾಡುತ್ತೇವೆ, ಇಲ್ಲಿ ಸಹಿ ಮಾಡಿ' ಎಂಬ ಇಮೇಲಿಗೆ ಮಸ್ಕತ್ತಿನಿಂದ ಸಹಿ ಹೋದರೆ, ಮುಂದೆ ಗುಂಪು ಗೆದ್ದರೂ ಆ ಸಹಿಯೇ ಅಡ್ಡ ಬರುತ್ತದೆ.

ಎರಡನೆಯದು ಬ್ರಿಗೇಡ್ ಲೇಕ್‌ಫ್ರಂಟ್ ಪ್ರಕರಣ. ಮೂರು ಬ್ಲಾಕುಗಳು, ಒಟ್ಟು 1,134 ಫ್ಲ್ಯಾಟುಗಳು: ಒಂದರಲ್ಲಿ 386, ಒಂದರಲ್ಲಿ 338, ಇನ್ನೊಂದರಲ್ಲಿ 410. ಇವುಗಳಲ್ಲಿ 51 ಫ್ಲ್ಯಾಟುಗಳನ್ನು ಕೊಂಡಿದ್ದ 91 ಮಂದಿ, ಎಲ್ಲ 1,134 ಫ್ಲ್ಯಾಟುಗಳ ಪರವಾಗಿ 35(1)(ಸಿ) ಅಡಿಯಲ್ಲಿ ರಾಷ್ಟ್ರೀಯ ಆಯೋಗಕ್ಕೆ ಹೋದರು. ಆಯೋಗ ಅನುಮತಿ ಕೊಟ್ಟಿತು. ಬಿಲ್ಡರ್ ಮೇಲ್ಮನವಿ ಹಾಕಿದ. 2021ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟು ಆ ಅನುಮತಿಯನ್ನು ರದ್ದುಮಾಡಿತು. ಉಳಿದ ಫ್ಲ್ಯಾಟುಗಳವರ ಹಿತಾಸಕ್ತಿಯೂ ಇದೇ ಎಂದು ತೋರಿಸುವ ವಿವರ ದೂರಿನಲ್ಲಿ ಇರಲಿಲ್ಲ. ಮೂರು ಬ್ಲಾಕುಗಳ ವಿಳಂಬವೂ ಎಲ್ಲರಿಗೂ ಒಂದೇ ಸಮನಾಗಿ ಕಾಣಲಿಲ್ಲ. ಹಿತಾಸಕ್ತಿಯ ಸಮಾನತೆ ಇಲ್ಲದೆ ಪ್ರಾತಿನಿಧ್ಯವಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಇದು ಗುಂಪಿನ ಸೋಲಾಗುತ್ತಿತ್ತು. ಆದರೆ ನ್ಯಾಯಾಲಯ ಒಂದು ಮೂರನೆಯ ದಾರಿಯನ್ನೂ ಬಿಡಿಸಿ ತೋರಿಸಿತು. ಯಾರ ಪ್ರತಿನಿಧಿಗಳೂ ಆಗದೆ, ತಮ್ಮ ಪರವಾಗಿಯೇ ಹಲವರು ಸೇರಿ ಒಂದು ಜಂಟಿ ದೂರು ಕೊಡುವುದಕ್ಕೆ ಕಾಯ್ದೆಯಲ್ಲಿ ಅಡ್ಡಿಯಿಲ್ಲ ಎಂದು ಹೇಳಿ, ಆ 91 ಜನರ ದೂರು ಆ ರೂಪದಲ್ಲಿ ಮುಂದುವರಿಯಲು ಬಿಟ್ಟಿತು. ತೀರ್ಪನ್ನು ಉಲ್ಲೇಖಿಸುವವರು ಮೊದಲರ್ಧವನ್ನು ಮಾತ್ರ ಉಲ್ಲೇಖಿಸುವುದು ಹೆಚ್ಚು. ನನ್ನ ಮಟ್ಟಿಗೆ ಅದರ ನಿಜವಾದ ಕೊಡುಗೆ ಈ ಉತ್ತರಾರ್ಧ. ಒಂಟಿ ದಾವೆ ಮತ್ತು ಸಾಮೂಹಿಕ ದಾವೆ ಎಂಬ ಎರಡೇ ತುದಿಗಳ ನಡುವೆ, ವಕೀಲರ ಖರ್ಚು ಹಂಚಿಕೊಂಡು, ದಾಖಲೆಗಳನ್ನು ಒಟ್ಟುಹಾಕಿ, ಆದರೆ ತಂತಮ್ಮ ವಕಾಲತ್ತನ್ನು ತಾವೇ ಇಟ್ಟುಕೊಂಡು ಹೋಗುವ ದಾರಿ ಅದು. ವಾಟ್ಸ್ಆ್ಯಪ್ ಗುಂಪಿನಲ್ಲಿ ಒಗ್ಗೂಡುವ ಖರೀದಿದಾರರು 'ಕ್ಲಾಸ್ ಆ್ಯಕ್ಷನ್ ಹಾಕೋಣ' ಎಂದಾಗ ಅವರ ಮನಸ್ಸಿನಲ್ಲಿ ಇರುವುದು ಬಹುಮಟ್ಟಿಗೆ ಇದೇ.

ಅಲ್ ಹೈಲ್‌ನಲ್ಲಿ ಕುಳಿತವನಿಗೆ ಈ ವ್ಯತ್ಯಾಸ ಊರಿನಲ್ಲಿರುವವನಿಗಿಂತ ಹೆಚ್ಚು ತಟ್ಟುತ್ತದೆ. ಮೊದಲನೆಯದಾಗಿ, ಅವನ ಮೇಲೆ ಮಾತ್ರ ಹೊರಿಸಬಹುದಾದ ಒಂದು ತಕರಾರಿದೆ: 'ಈತ ವಿದೇಶದಲ್ಲಿ ಇರುವವನು, ಇಲ್ಲಿ ಬಂದು ವಾಸಿಸುವವನಲ್ಲ, ಲಾಭಕ್ಕಾಗಿ ಕೊಂಡಿದ್ದಾನೆ, ಆದ್ದರಿಂದ ಗ್ರಾಹಕನೇ ಅಲ್ಲ.' ಫ್ಲ್ಯಾಟು ಕೊಂಡು ಮಾರುವುದನ್ನೇ ವ್ಯಾಪಾರವಾಗಿಸಿಕೊಂಡವನೆಂದು ಸಾಬೀತು ಮಾಡುವ ಹೊಣೆ ಬಿಲ್ಡರನದೇ ಎಂಬ ನಿಲುವನ್ನು ಗ್ರಾಹಕ ಆಯೋಗಗಳು ತಾಳಿವೆ. ಆದರೂ ಆ ತಕರಾರಿಗೆ ಉತ್ತರ ವೈಯಕ್ತಿಕವಾದದ್ದು. ಎಷ್ಟು ಮನೆಗಳಿವೆ, ಯಾವಾಗ ಹಿಂದಿರುಗುವ ಯೋಚನೆ, ಮಕ್ಕಳ ಓದು ಎಲ್ಲಿ ಎಂಬುದನ್ನೆಲ್ಲ ಹೇಳಬೇಕು. ಗುಂಪಿನ ದೂರಿನಲ್ಲಿ ಇಂಥ ಹತ್ತು ಮಂದಿ ಇದ್ದರೆ ಬಿಲ್ಡರನ ವಕೀಲರು ಅವರನ್ನೇ ಮುಂದಿಟ್ಟುಕೊಂಡು 'ಇವರೆಲ್ಲರ ಹಿತಾಸಕ್ತಿ ಒಂದೇ ಅಲ್ಲ' ಎಂದು ಇಡೀ ದೂರನ್ನೇ ಅಲುಗಾಡಿಸಬಹುದು.

ಎರಡನೆಯದು ಸಾಕ್ಷ್ಯ. ಮಸ್ಕತ್ತಿನ ಭಾರತೀಯ ರಾಯಭಾರ ಕಚೇರಿಯಲ್ಲಿ ದೃಢೀಕರಿಸಿದ ಜಿಪಿಎ (ಸಾಮಾನ್ಯ ಅಧಿಕಾರಪತ್ರ) ಊರಿನ ಅಣ್ಣನಿಗೋ ಭಾವನಿಗೋ ಹೋಗುತ್ತದೆ. ಆಮೇಲೆ ಅದಕ್ಕೆ ಕರ್ನಾಟಕದ ಮುದ್ರಾಂಕ ಹಾಕಿಸಬೇಕು, ರಾಜ್ಯಕ್ಕೆ ಬಂದ ಮೂರು ತಿಂಗಳೊಳಗೆ. ಇಷ್ಟೆಲ್ಲ ಮಾಡಿದರೂ ಜಿಪಿಎ ಹಿಡಿದವನು ಎಲ್ಲವನ್ನೂ ಹೇಳಲಾರ. ಇಂಡಸ್‌ಇಂಡ್ ಬ್ಯಾಂಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟಪಡಿಸಿದೆ: ಮೂಲ ವ್ಯಕ್ತಿಗೆ ಮಾತ್ರ ಗೊತ್ತಿರುವ ಸಂಗತಿಗಳ ಬಗ್ಗೆ ಅವನ ಬದಲು ಜಿಪಿಎದಾರ ಸಾಕ್ಷಿ ನುಡಿದು ಪಾಟೀಸವಾಲಿಗೆ ಒಳಗಾಗುವಂತಿಲ್ಲ. ಸಾಮೂಹಿಕ ದೂರಿನಲ್ಲಿ ಈ ತೊಡಕು ಕಡಿಮೆ. ಯೋಜನೆ ಯಾವಾಗ ಮುಗಿಯಬೇಕಿತ್ತು, ವಾಸಯೋಗ್ಯ ಪ್ರಮಾಣಪತ್ರ ಯಾವಾಗ ಬಂತು ಎಂಬುದನ್ನು ಬೆಂಗಳೂರಿನಲ್ಲಿರುವ ಯಾವ ಸದಸ್ಯನೂ ಹೇಳಬಲ್ಲ. 2019ರ ಕಾಯ್ದೆ ವಿಡಿಯೊ ಮೂಲಕ ವಿಚಾರಣೆಗೆ ಅವಕಾಶ ಕೊಟ್ಟಿರುವುದರಿಂದ, ಈಚೆಗೆ ಇ-ಜಾಗೃತಿ ಜಾಲತಾಣದ ಮೂಲಕ ದೂರು ದಾಖಲಿಸುವುದು ವಿದೇಶದಿಂದಲೂ ಸಾಧ್ಯವಾಗಿರುವುದರಿಂದ ಒಂಟಿ ದೂರಿನ ಕಷ್ಟವೂ ಹಿಂದಿಗಿಂತ ಇಳಿದಿದೆ ಎಂಬುದನ್ನು ಒಪ್ಪಬೇಕು.

ಮೂರನೆಯದು ವೇದಿಕೆ. 2021ರ ಡಿಸೆಂಬರಿನ ನಿಯಮಗಳ ಪ್ರಕಾರ ಕೊಟ್ಟ ಬೆಲೆ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗ, 2 ಕೋಟಿಯವರೆಗೆ ರಾಜ್ಯ ಆಯೋಗ, ಅದಕ್ಕೆ ಮೀರಿದರೆ ರಾಷ್ಟ್ರೀಯ ಆಯೋಗ. 1 ಕೋಟಿ 20 ಲಕ್ಷದ ಫ್ಲ್ಯಾಟಿಗೆ ಒಬ್ಬನೇ ಹೋದರೆ ಬೆಂಗಳೂರಿನ ರಾಜ್ಯ ಆಯೋಗ ಸಾಕು. ಸಾಮೂಹಿಕ ದೂರಿನಲ್ಲಿ ಎಲ್ಲ ಫ್ಲ್ಯಾಟುಗಳ ಬೆಲೆಯನ್ನೂ ಕೂಡಿ ನೋಡುವುದರಿಂದ ದಿಲ್ಲಿಗೇ ಹೋಗಬೇಕು. ಯಾವುದು ವೇಗ, ಯಾವುದು ನಿಧಾನ ಎಂಬುದನ್ನು ವಕೀಲರ ಕೈಗೆ ಬಿಡುತ್ತೇನೆ. ಸ್ಥಿರಾಸ್ತಿ ನಿಯಂತ್ರಣದ ರೇರಾ ಕಾಯ್ದೆಯ 18ನೇ ಕಲಮಿನ ಅಡಿಯಲ್ಲಿ ಕರ್ನಾಟಕ ರೇರಾ ಮುಂದೆ ಬಡ್ಡಿ ಕೇಳುವ ದಾರಿ ಇದೆಲ್ಲಕ್ಕೂ ಹೊರಗಿನದು. ಅಲ್ಲಿ ಆದೇಶ ಸಿಗುವುದಕ್ಕಿಂತ ಜಿಲ್ಲಾಧಿಕಾರಿಯ ಮೂಲಕ ಹಣ ವಸೂಲಾಗುವುದು ಕಷ್ಟ ಎಂಬುದು ಬಲ್ಲವರಿಗೆಲ್ಲ ಗೊತ್ತು.

ಸೂತ್ರಕ್ಕೆ ಸಿಗದ ನಷ್ಟ ಹೇಗಿರುತ್ತದೆ ಎಂಬುದಕ್ಕೆ ಕರಾವಳಿಯವರಿಗೆ ಉದಾಹರಣೆ ಹೇಳಿಕೊಡಬೇಕಿಲ್ಲ. 2010ರ ಮೇ 22ರಂದು ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ 812ನೇ ವಿಮಾನ ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದ ಓಡುಹಾದಿ ದಾಟಿ ಕಣಿವೆಗೆ ಬಿತ್ತು. 166 ಮಂದಿಯಲ್ಲಿ ಬದುಕಿದವರು 8. ಅಪಘಾತ ಒಂದೇ, ಕಂಪನಿ ಒಂದೇ, ಹೊಣೆಯ ಕಾನೂನೂ ಒಂದೇ: ಭಾರತ ಹಿಂದಿನ ವರ್ಷವಷ್ಟೇ ಸೇರಿದ್ದ ಮಾಂಟ್ರಿಯಲ್ ಒಡಂಬಡಿಕೆ. ಒಟ್ಟಾಗಿ ಹೋಗಲು ಇದಕ್ಕಿಂತ ತಕ್ಕ ಪ್ರಕರಣ ಇರಲಾರದು ಎನಿಸುತ್ತದೆ. ಕಾಸರಗೋಡು ಜಿಲ್ಲೆಯ ಮೃತ ಯುವಕನೊಬ್ಬನ ತಂದೆ ಕೇರಳ ಹೈಕೋರ್ಟಿಗೆ ಹೋದಾಗ ಏಕಸದಸ್ಯ ಪೀಠ 2011ರ ಜುಲೈಯಲ್ಲಿ ಒಂದು ಸೂತ್ರವನ್ನೇ ಕೊಟ್ಟಿತ್ತು: ಪ್ರತಿ ಮೃತರಿಗೆ ಕನಿಷ್ಠ 1 ಲಕ್ಷ ಎಸ್‌ಡಿಆರ್ (ಅಂತಾರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಘಟಕ), ಆಗಿನ ಲೆಕ್ಕಕ್ಕೆ ಸುಮಾರು 75 ಲಕ್ಷ ರೂಪಾಯಿ. ಅದು ನಿಂತಿದ್ದರೆ ಉಳಿದ ಕುಟುಂಬಗಳಿಗೆಲ್ಲ ಅದೇ ಆಧಾರವಾಗುತ್ತಿತ್ತು. ಮುಂದಿನ ತಿಂಗಳೇ ವಿಭಾಗೀಯ ಪೀಠ ಅದನ್ನು ಒಡೆಯಿತು. ಒಡಂಬಡಿಕೆಯ 21ನೇ ವಿಧಿಯ ಮೊತ್ತ ಕನಿಷ್ಠವಲ್ಲ, ತಪ್ಪು ತೋರಿಸದೆಯೇ ಕೇಳಬಹುದಾದ ಹೊಣೆಯ ಮೇಲ್ಮಿತಿ. ಅದರೊಳಗೂ ನಿಜವಾದ ನಷ್ಟವನ್ನು ಸಾಬೀತು ಮಾಡಬೇಕು ಎಂದಿತು.

ಅಲ್ಲಿಂದ ಪ್ರತಿಯೊಂದು ಮನೆಯೂ ಬೇರೆ ಪ್ರಕರಣವಾಯಿತು. ಕೊಲ್ಲಿಯ ಅಂಗಡಿಯಲ್ಲಿ ದುಡಿಯುತ್ತಿದ್ದವನ ಸಂಬಳ, ಗೃಹಿಣಿಯ ದುಡಿಮೆ, ಮಗುವಿನ ಭವಿಷ್ಯ ಇವನ್ನೆಲ್ಲ ಬೇರೆ ಬೇರೆ ತಕ್ಕಡಿಯಲ್ಲಿ ಇಡಬೇಕಾಯಿತು. ಬಹಳ ಮಂದಿ ಕಂಪನಿಯ ವಕೀಲರೊಡನೆ ಮಾತುಕತೆಯಲ್ಲಿ ಮುಗಿಸಿಕೊಂಡರು. ಯುಎಇಯ ಕಂಪನಿಯೊಂದರಲ್ಲಿ ಮಧ್ಯಪ್ರಾಚ್ಯದ ಪ್ರಾದೇಶಿಕ ನಿರ್ದೇಶಕರಾಗಿದ್ದ 45ರ ವಯಸ್ಸಿನ ಒಬ್ಬರ ಕುಟುಂಬ ಮಾತ್ರ ರಾಷ್ಟ್ರೀಯ ಗ್ರಾಹಕ ಆಯೋಗದಿಂದ 7.35 ಕೋಟಿ ಪಡೆದು, ಅದೂ ಕಡಿಮೆಯೆಂದು ಸುಪ್ರೀಂ ಕೋರ್ಟಿಗೆ ಹೋಗಿ, 2020ರಲ್ಲಿ 7.64 ಕೋಟಿ ಮತ್ತು ಬಡ್ಡಿಯ ಆದೇಶ ತಂದಿತು. ಅಲ್ಲಿ ಚರ್ಚೆಯಾದದ್ದು ಸಂಬಳದ ಚೀಟಿಯ ಭತ್ಯೆಗಳು. ಕಂಪನಿ ತನ್ನ ಅನುಕೂಲಕ್ಕೆ ಸಂಬಳವನ್ನು ಹತ್ತು ತಲೆಬರಹಗಳಲ್ಲಿ ಒಡೆದಿದ್ದರೆ ಅದರಿಂದ ಆದಾಯ ಕಡಿಮೆಯಾಗುವುದಿಲ್ಲ ಎಂದು ನ್ಯಾಯಾಲಯ ಹೇಳಿತು. ಇಂಥ ಸೂಕ್ಷ್ಮ ವಾದ ಗುಂಪಿನ ದಾವೆಯಲ್ಲಿ ಎದ್ದು ನಿಲ್ಲುವುದು ಅಸಾಧ್ಯ. ಹತ್ತು ವರ್ಷ ಕಾಯುವ ಶಕ್ತಿ ಎಲ್ಲ ಮನೆಗಳಿಗೂ ಇರಲಿಲ್ಲ ಎಂಬುದೂ ನಿಜ.

ಮಸ್ಕತ್‌–ಮಂಗಳೂರು ಹಾರಾಟದಲ್ಲಿ ಹೋಗುವವರಿಗೆ ಇದೇ ಒಡಂಬಡಿಕೆಯ ಇನ್ನೊಂದು ಮಾತು ಮುಖ್ಯ. ಒಮಾನ್ ಕೂಡ ಅದರ ಸದಸ್ಯ. ದಾವೆ ಎಲ್ಲಿ ಹೂಡಬಹುದು ಎಂಬುದನ್ನು 33ನೇ ವಿಧಿ ಹೇಳುತ್ತದೆ, ಅದರಲ್ಲಿ ಒಂದು ಪ್ರಯಾಣದ ಗಮ್ಯಸ್ಥಾನ. ಮಸ್ಕತ್ತಿನಿಂದ ಹೋಗಿ ಬರುವ ಟಿಕೆಟು ತೆಗೆದವನ ಗಮ್ಯ ಮಸ್ಕತ್ತೇ, ಒಂದೇ ಕಡೆಯ ಟಿಕೆಟಿನವನ ಗಮ್ಯ ಮಂಗಳೂರು. ಪಕ್ಕಪಕ್ಕದ ಸೀಟಿನಲ್ಲಿ ಕುಳಿತ ಇಬ್ಬರ ಸಾಮಾನು ಒಟ್ಟಿಗೇ ಕಳೆದುಹೋದರೂ ಈ ಲೆಕ್ಕದಲ್ಲಿ ಅವರ ನ್ಯಾಯಾಲಯ ಬೇರೆಯಾಗಬಹುದು. ಗುಂಪು ಟಿಕೆಟಿನಲ್ಲೇ ಒಡೆಯುತ್ತದೆ. ಎರಡು ವರ್ಷ ದಾಟಿದರೆ ಹಕ್ಕೇ ಅಳಿಯುತ್ತದೆ.

ಕಾಸರಗೋಡಿನ ಎಂಡೋಸಲ್ಫಾನ್ ಕೀಟನಾಶಕ ಪ್ರಕರಣ, ಹಂಚಲಾಗದ ಪರಿಹಾರದ ಬಗ್ಗೆ ಆರಂಭದಲ್ಲಿ ಹೇಳಿದ ಮೂರನೆಯ ಮಾತಿಗೆ ಸಾಕ್ಷಿ, ಜೊತೆಗೆ ಎಚ್ಚರಿಕೆ. ಕೇರಳ ಪ್ಲಾಂಟೇಶನ್ ಕಾರ್ಪೊರೇಷನ್ ಗೇರುತೋಟಗಳ ಮೇಲೆ ದಶಕಗಳ ಕಾಲ ಹೆಲಿಕಾಪ್ಟರಿನಿಂದ ವಿಷ ಸಿಂಪಡಿಸಿತು. ಎಣ್ಮಕಜೆ ಪಂಚಾಯತಿನ ಪಡ್ರೆಯಂಥ ಕನ್ನಡ ಊರುಗಳು ಅದರ ಅಡಿಯಲ್ಲಿದ್ದವು. ಸಿಂಪಡಣೆಯನ್ನು ನಿಲ್ಲಿಸಿದ್ದು ಸಾವಿರಾರು ಜನರ ದಾವೆಯಲ್ಲ. ಕೃಷಿ ಇಲಾಖೆಯ ಒಬ್ಬ ಸಹಾಯಕಿ ಹೊಸದುರ್ಗದ ಮುನ್ಸೀಫ್ ನ್ಯಾಯಾಲಯದಲ್ಲಿ ಹೂಡಿದ ದಾವೆಯಲ್ಲಿ 2000ದಲ್ಲಿ ಸಿಕ್ಕ ತಡೆಯಾಜ್ಞೆ. ಆಕಾಶದಿಂದ ಬೀಳುವ ವಿಷವನ್ನು ಒಬ್ಬರ ಮನೆಯ ಮೇಲೆ ಮಾತ್ರ ನಿಲ್ಲಿಸಲು ಬರುವುದಿಲ್ಲ, ಹಾಗಾಗಿ ಒಬ್ಬರ ಗೆಲುವು ಎಲ್ಲರದೂ ಆಯಿತು.

ಹಣದ ಪರಿಹಾರಕ್ಕೆ ಬಂದಾಗ ಕತೆ ಬೇರೆ. 2011ರಲ್ಲಿ ಯುವಜನ ಸಂಘಟನೆ ಡಿವೈಎಫ್‌ಐ ಸಲ್ಲಿಸಿದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 2017ರ ಜನವರಿ 10ರಂದು ಸಂತ್ರಸ್ತರಿಗೆ ತಲಾ 5 ಲಕ್ಷವನ್ನು ಮೂರು ತಿಂಗಳಲ್ಲಿ ಕೊಡಬೇಕೆಂದು ರಾಜ್ಯ ಸರ್ಕಾರಕ್ಕೆ ಆದೇಶಿಸಿತು. ಸೂತ್ರ ಇದಕ್ಕಿಂತ ಸರಳವಾಗಲಾರದು. ಆದರೆ 2022ರ ಮೇ ತಿಂಗಳಲ್ಲಿ ನ್ಯಾಯಾಂಗ ನಿಂದನೆಯ ಅರ್ಜಿ ವಿಚಾರಣೆಗೆ ಬಂದಾಗ, 3,704 ಸಂತ್ರಸ್ತರ ಪೈಕಿ ಹಣ ಸಿಕ್ಕಿದ್ದು 8 ಮಂದಿಗೆ. ಆ 8 ಮಂದಿ ನಿಂದನೆಯ ಅರ್ಜಿ ಹಾಕಿದವರೇ. ಕೋರ್ಟಿಗೆ ಬರಲು ಶಕ್ತರಾದವರಿಗೆ ಮಾತ್ರ ಕೊಡುವುದರಲ್ಲಿ ಯಾವ ನ್ಯಾಯವಿದೆ ಎಂದು ಪೀಠ ಸರ್ಕಾರವನ್ನು ತರಾಟೆಗೆ ತೆಗೆದುಕೊಂಡಿತು. ಸಾಮೂಹಿಕ ದಾವೆಯನ್ನು ಹೊಗಳುವ ಬರಹಗಳು ತೀರ್ಪಿನ ದಿನಕ್ಕೇ ನಿಂತುಬಿಡುತ್ತವೆ. ಅಮಲ್ಜಾರಿಯ ಹಂತದಲ್ಲಿ ಗುಂಪು ಮತ್ತೆ ಒಬ್ಬೊಬ್ಬರಾಗಿ ಬಿಡಿಸಿಕೊಳ್ಳುತ್ತದೆ, ಬಾಗಿಲು ತಟ್ಟಿದವನಿಗೆ ಮೊದಲು ತೆರೆಯುತ್ತದೆ.

ಒಮಾನಿನ ಕಂಪನಿಯ ವಿರುದ್ಧವೇ ದೂರು ಇದ್ದರೆ? ಅಲ್ಲಿನ ಪ್ರಕ್ರಿಯಾ ಕಾನೂನಿನಲ್ಲಿ ಅಮೆರಿಕದ ಮಾದರಿಯ ಸಾಮೂಹಿಕ ದಾವೆ ಇಲ್ಲ. ದಾವೆ ಹೂಡುವವನಿಗೆ ಸ್ವಂತದ, ಕಾನೂನು ಒಪ್ಪುವ ಹಿತಾಸಕ್ತಿ ಇರಬೇಕು. 50 ಕೆಲಸಗಾರರಿಗೆ ಒಂದೇ ಕಂಪನಿ ನಾಲ್ಕು ತಿಂಗಳ ಸಂಬಳ ಉಳಿಸಿಕೊಂಡಿದ್ದರೆ ಅದು ಸೂತ್ರಕ್ಕೆ ಸಲೀಸಾಗಿ ಸಿಗುವ ನಷ್ಟ, ಆದರೂ ಪ್ರತಿಯೊಬ್ಬನ ಹೆಸರು, ಕರಾರು, ಬಾಕಿ ಬೇರೆ ಬೇರೆ ದಾಖಲಾಗಬೇಕು. 2023ರ 53ನೇ ರಾಜಾಜ್ಞೆಯ ಕಾರ್ಮಿಕ ಕಾನೂನಿನಲ್ಲೂ, ಅದು ತೆಗೆದುಹಾಕಿದ 2003ರ ಕಾನೂನಿನಲ್ಲಿದ್ದಂತೆ, ವಿವಾದ ಮೊದಲು ಕಾರ್ಮಿಕ ಸಚಿವಾಲಯದಲ್ಲಿ ರಾಜಿಗೆ ಹೋಗುತ್ತದೆ, ಆಗದಿದ್ದರೆ ನ್ಯಾಯಾಲಯಕ್ಕೆ. ಕೆಲಸಗಾರನಿಗೆ ನ್ಯಾಯಾಲಯದ ಶುಲ್ಕವಿಲ್ಲ. ಶುಲ್ಕವಿಲ್ಲದ ಕಡೆ ಸಾಮೂಹಿಕ ದಾವೆಯ ದೊಡ್ಡ ಆಕರ್ಷಣೆಯಾದ ಖರ್ಚಿನ ಹಂಚಿಕೆ ಅರ್ಧ ಬಿದ್ದುಹೋಗುತ್ತದೆ. ಉಳಿಯುವುದು ಅರಬ್ಬಿಗೆ ಅನುವಾದಿಸುವ ಮತ್ತು ವಕೀಲರ ವೆಚ್ಚ. ಅದಕ್ಕೆ ಒಟ್ಟುಗೂಡುವುದರಲ್ಲಿ ಅರ್ಥವಿದೆ. ಭಾರತ ಸರ್ಕಾರ 2009ರಲ್ಲಿ ಸ್ಥಾಪಿಸಿದ ಸಮುದಾಯ ಕಲ್ಯಾಣ ನಿಧಿಯಿಂದ ಆರಂಭಿಕ ಕಾನೂನು ನೆರವನ್ನು ರಾಯಭಾರ ಕಚೇರಿಯಲ್ಲಿ ಕೇಳಬಹುದು. ದೋಷದ ವಸ್ತು ಮಾರಿದ ಅಂಗಡಿಯ ವಿಷಯಕ್ಕೆ 2014ರ ಗ್ರಾಹಕ ರಕ್ಷಣಾ ಕಾನೂನಿನಡಿ ಅಲ್ಲಿನ ಪ್ರಾಧಿಕಾರಕ್ಕೆ ಒಬ್ಬನೇ ದೂರು ಕೊಟ್ಟರೂ ಸಾಕು. ವಸ್ತುವನ್ನು ಮಾರುಕಟ್ಟೆಯಿಂದ ಹಿಂತೆಗೆಸಿದರೆ ಫಲ ಎಲ್ಲರಿಗೂ ಸಲ್ಲುತ್ತದೆ. ಹೊಸದುರ್ಗದ ತಡೆಯಾಜ್ಞೆಯ ತರ್ಕವೇ ಇಲ್ಲೂ.

ಮತ್ತೆ ಬೆಂಗಳೂರಿನ ಸಾಮೂಹಿಕ ದೂರಿಗೆ ಬಂದರೆ, ಅಲ್ ಹೈಲ್‌ನಿಂದ ನೋಡುವಾಗ ಅದರ ಅತ್ಯಂತ ಗಂಭೀರ ದೋಷ ನೋಟಿಸಿನದು. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆ 8ನೇ ನಿಯಮದ ಪ್ರಕಾರ ಗುಂಪಿನ ಎಲ್ಲರಿಗೂ ನೋಟಿಸು ಕೊಡಬೇಕು, ಜನ ಹೆಚ್ಚಿದ್ದರೆ ಸಾರ್ವಜನಿಕ ಪ್ರಕಟಣೆ ಸಾಕು. ಪ್ರಕಟಣೆಯೆಂದರೆ ಸಾಮಾನ್ಯವಾಗಿ ಭಾರತದ ಪತ್ರಿಕೆಯಲ್ಲಿ ಒಂದು ಜಾಹೀರಾತು. ಅದನ್ನು ಕಂಡವನು ತನ್ನನ್ನೂ ಪಕ್ಷಗಾರನಾಗಿ ಸೇರಿಸಿ ಎಂದು ಕೇಳಬಹುದು. ಕಾಣದವನನ್ನೂ 6ನೇ ಉಪನಿಯಮದಂತೆ ಆ ಡಿಕ್ರಿ ಕಟ್ಟಿಹಾಕುತ್ತದೆ. ಅಮೆರಿಕದ ಫೆಡರಲ್ ಸಿವಿಲ್ ಪ್ರಕ್ರಿಯೆಯ 23ನೇ ನಿಯಮ ಹಣದ ದಾವೆಗಳಲ್ಲಿ 'ನಾನು ಈ ಗುಂಪಿನಲ್ಲಿಲ್ಲ' ಎಂದು ಹೊರಬರುವ ಹಕ್ಕನ್ನು ಕೊಟ್ಟಿದೆ. ಸಾಮೂಹಿಕ ದಾವೆ ಬಿದ್ದುಹೋದರೂ ಒಂಟಿ ದಾವೆಯ ಕಾಲಮಿತಿ ಅಷ್ಟು ದಿನ ಓಡದೆ ನಿಂತಿತ್ತೆಂದು ಅಲ್ಲಿನ ಸುಪ್ರೀಂ ಕೋರ್ಟು 1974ರಲ್ಲೇ ಹೇಳಿದೆ. ನಮ್ಮ 8ನೇ ನಿಯಮದಲ್ಲಾಗಲಿ ಗ್ರಾಹಕ ಕಾಯ್ದೆಯಲ್ಲಾಗಲಿ ಇವೆರಡನ್ನೂ ಹೀಗೆ ಸ್ಪಷ್ಟವಾಗಿ ಬರೆದಿಲ್ಲ. ಗ್ರಾಹಕ ಕಾಯ್ದೆಯ ಎರಡು ವರ್ಷದ ಮಿತಿ ಮೀರಿದವನು ವಿಳಂಬ ಮನ್ನಾ ಮಾಡಿ ಎಂದು ಬೇಡಬೇಕು.

ಇದನ್ನು ಸರಿಪಡಿಸಲು ಹೊಸ ಕಾನೂನಿಗೆ ಕಾಯಬೇಕಿಲ್ಲ. ಖರೀದಿದಾರರ ಇಮೇಲ್ ವಿಳಾಸ, ವಿದೇಶದ ಫೋನ್ ಸಂಖ್ಯೆ ಎಲ್ಲವೂ ಬಿಲ್ಡರನ ಬಳಿಯೇ ಇರುತ್ತವೆ. ಕಂತಿನ ನೆನಪೋಲೆ ಒಂದು ದಿನವೂ ತಪ್ಪದೆ ಬರುವುದೇ ಅದಕ್ಕೆ ಸಾಕ್ಷಿ. 35(1)(ಸಿ) ಅಡಿಯಲ್ಲಿ ಅನುಮತಿ ಕೊಡುವ ದಿನವೇ ಆಯೋಗ ಆ ಪಟ್ಟಿಯನ್ನು ತರಿಸಿಕೊಂಡು, ಪತ್ರಿಕೆಯ ಜಾಹೀರಾತಿನ ಜೊತೆಗೆ ಅದರಲ್ಲಿರುವ ಪ್ರತಿ ವಿಳಾಸಕ್ಕೂ ನೋಟಿಸು ಕಳಿಸಬೇಕೆಂದು ಆದೇಶಿಸಬಹುದು. 4ನೇ ಉಪನಿಯಮದಡಿ ರಾಜಿಗೆ ಮುಂಚೆ ಕೊಡಬೇಕಾದ ನೋಟಿಸಿಗೂ ಇದೇ ಕ್ರಮ ಅನ್ವಯಿಸಬೇಕು. ಆ ಪಟ್ಟಿಯನ್ನು ತರಿಸದೆ ಹೊರಟ ಡಿಕ್ರಿ ಮಸ್ಕತ್ತಿನಲ್ಲಿರುವ ಖರೀದಿದಾರನನ್ನು ಕಟ್ಟಿಹಾಕುತ್ತದೆಯೇ ಎಂಬ ಪ್ರಶ್ನೆಯನ್ನು ಸಾಮೂಹಿಕ ದೂರಿನಲ್ಲಿ ಹೊರಗುಳಿದ ಯಾರಾದರೊಬ್ಬರು ಎತ್ತಿ ತೀರ್ಮಾನ ಮಾಡಿಸಿಕೊಳ್ಳಬೇಕಾಗಿದೆ.